ಹಾಲು ಒಯ್ದ ಬಸಮ್ಮ

ಬಸಮ್ಮನಿಗೆ ಸೊಸೆಯನ್ನು ಕಂಡರಾಗದು. ಸೊಸೆ ನಿವೇದಿತಾಳಿಗೆ ಅತ್ತೆಯನ್ನು ಕಂಡರಾಗದು. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ನಾಗಸಂದ್ರದ ಆ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವವಳಿಂದ ಹಿಡಿದು ಗೇಟಿನ ಸೆಕ್ಯೂರಿಟಿಯವನವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವನು ಒಬ್ಬನೇ, ಬಸಮ್ಮನ ಮಗ ಮಲ್ಲಿಕ್. ಪೀಣ್ಯದ ಕಂಪನಿಯೊಂದರಲ್ಲಿ ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲ ಇಂಜಿನಿಯರ್ ಅವನು. ತನ್ನದೇ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ. ಬಿದ್ದರೂ ಬಿದ್ದಿಲ್ಲವೆಂಬಂತೆ ಬಾಲ್ಕನಿಗೆ ಹೋಗಿ ಫೋನ್ ನೋಡುತ್ತ ನಿಲ್ಲುತ್ತಿದ್ದ.

ಬಸಮ್ಮನದು ರಾಣೇಬೆನ್ನೂರು. ಗಂಡ ತೀರಿಕೊಂಡಾಗ ಮಲ್ಲಿಕ್ ಇನ್ನೂ ಚಡ್ಡಿ ಹಾಕುವ ವಯಸ್ಸು. ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ಇಟ್ಟು, ರೊಟ್ಟಿ ಬಡಿದು ಬಡಿದು ಮಗನನ್ನು ಓದಿಸಿದಳು. ಊಟ ಮುಗಿದ ಮೇಲೂ ಹರಟುತ್ತ ಕೂತ ಲಾರಿ ಡ್ರೈವರುಗಳನ್ನು “ಉಂಡದ್ದಾತಿಲ್ಲೋ, ಏಳ್ರಿ ಮ್ಯಾಲೆ” ಎಂದು ಎಬ್ಬಿಸಿ ಕಳಿಸುತ್ತಿದ್ದ ಹೆಂಗಸು. ಅಂಥವಳಿಗೆ ಹೇಳಿ ಅಭ್ಯಾಸವೇ ಹೊರತು ಕೇಳಿ ಅಭ್ಯಾಸವಿರಲಿಲ್ಲ. ನಿವೇದಿತಾ ದಾಸರಹಳ್ಳಿಯಲ್ಲಿ ಹುಟ್ಟಿ ಬೆಳೆದವಳು, ಸರ್ಕಾರಿ ಕಾರ್ಖಾನೆಯ ಫೋರ್‌ಮನ್ ಒಬ್ಬರ ಒಬ್ಬಳೇ ಮಗಳು, ತಾನೂ ಪೀಣ್ಯದಲ್ಲಿ ಡಿಸೈನ್ ಇಂಜಿನಿಯರ್. ಅವಳಿಗೂ ಕೇಳಿ ಅಭ್ಯಾಸವಿಲ್ಲ. ಮದುವೆಯಾದ ಮೊದಲ ಯುಗಾದಿಗೇ ಹೋಳಿಗೆ ಹೂರಣಕ್ಕೆ ಬೆಲ್ಲ ಎಷ್ಟು ಎಂಬ ವಿಷಯದಲ್ಲಿ ಇಬ್ಬರಿಗೂ ಹತ್ತಿಕೊಂಡಿತು. ಅದು ಮತ್ತೆ ಆರಲೇ ಇಲ್ಲ.

ಬಾಣಂತನ ತವರಿನಲ್ಲಿ ಆಗಬೇಕು. ಆದರೆ ನಿವೇದಿತಾಳ ತಾಯಿ ಅವಳ ಮದುವೆಗೂ ಮುಂಚೆಯೇ ತೀರಿಹೋಗಿದ್ದರು. ಅಪ್ಪನಿಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದೂ ಗೊತ್ತಿರಲಿಲ್ಲ. ಹಾಗಾಗಿ ಬಸಮ್ಮ ಖಾನಾವಳಿಯನ್ನು ತಂಗಿಗೆ ಒಪ್ಪಿಸಿ, ಒಂದು ಚೀಲ ಜೋಳದ ಹಿಟ್ಟು, ಒಂದು ಡಬ್ಬಿ ಅಂಟಿನುಂಡೆ, ಒಂದು ಜಾಡಿ ಕೆಂಪು ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ರಂಜಕ ಹೊತ್ತುಕೊಂಡು ಬೆಂಗಳೂರಿಗೆ ಬಂದಳು. ಬಂದ ವಾರದೊಳಗೇ ಹೆರಿಗೆಯಾಗಿಹೋಯಿತು. ಎರಡು ತಿಂಗಳು ಮೊದಲೇ, ಹೊಟ್ಟೆ ಕೊಯ್ದು, ಎರಡು ಹೆಣ್ಣು ಕೂಸು. ಒಂದೊಂದೂ ಒಂದೂವರೆ ಕೆಜಿ ಮುಟ್ಟಲಿಲ್ಲ. ಹುಟ್ಟಿದ ಕೂಡಲೇ ಇಬ್ಬರನ್ನೂ ಗಾಜಿನ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿಕೊಂಡರು. ಆ ಬಾಗಿಲೊಳಗೆ ತಾಯಿ ತಂದೆಗೆ ಮಾತ್ರ ಪ್ರವೇಶ, ಅಜ್ಜಿಗಿಲ್ಲ. ಬಸಮ್ಮ ಮೊಮ್ಮಕ್ಕಳನ್ನು ಕಂಡದ್ದು ಮಗನ ಫೋನಿನಲ್ಲಿ.

ಕೂಸುಗಳಿಗೆ ಇನ್ನೂ ಚೀಪಲು ಬರುತ್ತಿರಲಿಲ್ಲ. ಬಾಯಿಯಿಂದ ಹೊಟ್ಟೆಯವರೆಗೆ ದಾರದಷ್ಟು ಸಣ್ಣ ನಳಿಕೆ ಇಳಿಸಿ, ಸಿರಿಂಜಿನಲ್ಲಿ ಹಾಲು ಬಿಡುತ್ತಿದ್ದರು. ನಿವೇದಿತಾಳನ್ನು ಮನೆಗೆ ಕಳಿಸುವಾಗ ಡಾಕ್ಟರು ಎಲ್ಲರೆದುರಿಗೇ ಹೇಳಿದ್ದರು: “ಈ ಮಕ್ಕಳಿಗೆ ತಾಯಿ ಹಾಲೇ ಔಷಧಿ. ಪೌಡರ್ ಹಾಲು ಇಷ್ಟು ಸಣ್ಣ ಕರುಳಿಗೆ ಒಗ್ಗೋದು ಕಷ್ಟ. ಮನೇಲಿ ಹಿಂಡಿ ಇಲ್ಲಿಗೆ ತಲುಪಿಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ.” ಆವತ್ತಿನಿಂದ ಆ ಮನೆಯಲ್ಲಿ ಹಾಲೊಂದೇ ಮಾತು. ಹಾಲು ಬಂತೇ, ಎಷ್ಟು ಬಂತು, ಹೋಯಿತೇ?

ಹಿಂಡಲು ಮಲ್ಲಿಕ್ ಒಂದು ಕರೆಂಟಿನ ಪಂಪ್ ಬಾಡಿಗೆಗೆ ತಂದ. ಅದು ಗುಯ್‌ಗುಡುತ್ತ ಶುರುವಾದರೆ ಬಸಮ್ಮನಿಗೆ ಮೈಯೆಲ್ಲ ಉರಿ. “ಡೇರಿಯಾಗ ಆಕಳಿಗೆ ಹಚ್ಚತಾರಲ್ಲ, ಅಂಥದ್ದು. ಮನುಷ್ಯಾರಿಗೆ ಹಚ್ಚೂದು ಇಲ್ಲೇ ನೋಡಿದೆ,” ಎಂದು ಸೊಸೆಗೆ ಕೇಳುವಂತೆಯೇ ಅನ್ನುತ್ತಿದ್ದಳು. ನಿವೇದಿತಾ ಎದ್ದು ಕೋಣೆಯ ಬಾಗಿಲನ್ನು ದಡಾರನೆ ಹಾಕಿಕೊಳ್ಳುತ್ತಿದ್ದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ಹಗಲೂ ರಾತ್ರಿಯೂ ಎದ್ದೆದ್ದು ಹಿಂಡುತ್ತಿದ್ದಳು. ಎದೆಯ ತೊಟ್ಟು ಒಡೆದು ಉರಿಯುತ್ತಿದ್ದರೂ ಹಲ್ಲು ಕಚ್ಚಿ ಕೂರುತ್ತಿದ್ದಳು. ಮಕ್ಕಳನ್ನು ಎತ್ತಿಕೊಳ್ಳುವ ಹಾಗಿಲ್ಲ, ಪಕ್ಕದಲ್ಲಿ ಮಲಗಿಸಿಕೊಳ್ಳುವ ಹಾಗಿಲ್ಲ. ಅವಳಿಂದ ಆ ಮಕ್ಕಳಿಗೆ ಆಗುವುದು ಇದೊಂದೇ, ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಆಮೇಲೆ ಫ್ರಿಜ್ಜಿನ ಜಗಳ. ಮೇಲಿನ ಅಂಕಣವನ್ನು ಪೂರಾ ಖಾಲಿ ಮಾಡಿ, ಬಿಸಿನೀರಿನಲ್ಲಿ ಒರೆಸಿ, ಹಾಲಿನ ಬಾಟಲಿಗಳನ್ನಿಟ್ಟ ನಿವೇದಿತಾ ಅಲ್ಲಿದ್ದ ರಂಜಕದ ಜಾಡಿಯನ್ನು ತೆಗೆದು ಸಿಂಕಿನ ಪಕ್ಕ ಕುಕ್ಕಿದಳು.

“ಬೆಳ್ಳುಳ್ಳಿ ವಾಸನೆ ಹಾಲಿಗೆ ಹತ್ತತ್ತೆ ಅತ್ತೆ. ಇದು ಇಲ್ಲಿ ಬೇಡ.”

“ನಿನ್ನ ಗಂಡ ಇದನ್ನ ತಿಂದs ದೊಡ್ಡವಾಗ್ಯಾನ.”

“ಅವರು ಹುಟ್ಟಿದಾಗ ಎಷ್ಟು ತೂಕ ಇದ್ರು?”

ಮಲ್ಲಿಕ್ ಹುಟ್ಟಿದಾಗ ತೊಟ್ಟಿಲು ತುಂಬ ಇದ್ದ. ಬಸಮ್ಮ ಆ ಜಾಡಿಯನ್ನು ಬಗಲಲ್ಲಿಟ್ಟುಕೊಂಡು ಹೋಗಿ ತನ್ನ ಕೋಣೆಯ ಮಂಚದ ಕೆಳಗಿಟ್ಟಳು. ಎರಡು ದಿನ ಸೊಸೆಯೊಡನೆ ಗೋಡೆಯನ್ನು ನೋಡಿಕೊಂಡು ಮಾತಾಡಿದಳು.

ಹಾಲು ಒಯ್ಯುವವರು ಯಾರು? ಮಲ್ಲಿಕ್‌ಗೆ ರಜೆ ಮುಗಿದಿತ್ತು. ನಿವೇದಿತಾಳಿಗೆ ಮೆಟ್ಟಿಲು ಹತ್ತುವುದೇ ಬೇಡ ಎಂದಿದ್ದರು. ಉಳಿದವಳು ಬಸಮ್ಮ. ಬಾಣಂತಿಗೆ ಎರಡು ಹೊತ್ತು ಉಣ್ಣಿಸಿ, ಐಸ್ ಗಡ್ಡೆ ಹಾಕಿದ ಸಣ್ಣ ಪೆಟ್ಟಿಗೆಯೊಳಗೆ ಬಾಟಲಿಗಳನ್ನಿಟ್ಟುಕೊಂಡು, ಮುಂಜಾನೆ ಒಮ್ಮೆ ಸಂಜೆ ಒಮ್ಮೆ ಮೆಟ್ರೋ ಹತ್ತಿ ಯಶವಂತಪುರದ ಕಡೆಯ ಆ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಗೊಣಗುತ್ತಲೇ ಹೋಗುತ್ತಿದ್ದಳು, ಆದರೆ ಒಂದು ಹೊತ್ತೂ ತಪ್ಪಿಸಲಿಲ್ಲ. ಮೆಟ್ರೋದಲ್ಲಿ ಸೀಟು ಬಿಟ್ಟುಕೊಡದೆ ಫೋನಿನಲ್ಲಿ ಮುಳುಗಿದ ಹುಡುಗರಿಗೆ “ಕಣ್ಣ ಕಾಣತಾವಿಲ್ಲೋ” ಎಂದು ಗದರಿ ಕೂರುತ್ತಿದ್ದಳು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಹಿಡಿಯುತ್ತಿದ್ದಳು.

ಒಂದು ಸಂಜೆ ಮೆಟ್ರೋ ಸ್ಟೇಷನ್ನಿನಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು ಪೆಟ್ಟಿಗೆಯನ್ನು ತೆಗೆಸಿದಳು.

“ಏನಮ್ಮ ಇದು?”

“ಹಾಲ್ರಿ. ಮೊಮ್ಮಕ್ಕಳಿಗೆ. ತಾಯಿ ಹಾಲು.”

ಆಕೆ ಒಂದು ಬಾಟಲಿಯನ್ನು ಎತ್ತಿ ದೀಪದ ಬೆಳಕಿಗೆ ಹಿಡಿದಳು. “ಅಯ್ಯಪ್ಪಾ! ಇಷ್ಟೊಂದಾ? ಪುಣ್ಯವಂತೆ ಕಣಮ್ಮ ನಿಮ್ ಸೊಸೆ. ನನ್ ಮಗೂಗೆ ಒಂದು ಹನಿ ಬರ್ಲಿಲ್ಲ ನಂಗೆ.”

ಬಸಮ್ಮ ಕೈ ಚಾಚಿದಳು. ಬಾಟಲಿಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಪೆಟ್ಟಿಗೆ ಮುಚ್ಚಿ ದುಡುದುಡು ನಡೆದಳು. ಹಾಲಿಲ್ಲದ ತಾಯಿಯ ಕಣ್ಣು! ಅದಕ್ಕಿಂತ ಕೆಟ್ಟ ಕಣ್ಣು ಇನ್ನೊಂದಿಲ್ಲವೆಂದು ಅವಳ ಲೆಕ್ಕ. ಆ ಲೆಕ್ಕ ಸುಮ್ಮನೆ ಬಂದದ್ದಲ್ಲ. ಮಲ್ಲಿಕ್ ಹತ್ತು ದಿನದ ಕೂಸಿದ್ದಾಗ ಎದೆಹಾಲಿಲ್ಲದ ನೆಗೆಣ್ಣಿ ಒಬ್ಬಳು, ಮೈದುನನ ಹೆಂಡತಿ, ಬಂದು, “ಏನವಾ ಬಸವ್ವಾ, ಸೀರೀನs ತೊಯ್ಯಂಗ ಹಾಲು” ಎಂದು ಕಣ್ಣರಳಿಸಿ ಹೋಗಿದ್ದಳು. ಮೂರೇ ದಿನಕ್ಕೆ ಬಸಮ್ಮನ ಎದೆ ಬತ್ತಿತು. ಕೂಸು ರಾತ್ರಿಯೆಲ್ಲ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿತು. ಆಕಳ ಹಾಲಿಗೆ ಚಿಟಿಕೆ ವಿಭೂತಿ ಹಾಕಿ ಹತ್ತಿಯ ಬತ್ತಿಯಿಂದ ಕುಡಿಸಿ ಬೆಳೆಸಿದಳು. ಹಸಿದು ಅತ್ತ ಆ ಕೂಸಿನ ಸಂಕಟವನ್ನು ಅವಳು ಈಗಲೂ ಮರೆತಿಲ್ಲ. ಅದಕ್ಕೇ ಅವಳ ಹೆದರಿಕೆ ನಿಜವಾದದ್ದು. ಅವಳ ಕೆಟ್ಟ ಬಾಯಿಗೆ ಹೆದರಿಕೆಯೇ ಅರ್ಧ ಕಾರಣವೆಂದು ಯಾರಿಗೂ ತಿಳಿಯದು.

ಮಾರನೆಯ ದಿನ ಪಂಪಿನಲ್ಲಿ ಹಾಲು ಸ್ವಲ್ಪ ಕಡಿಮೆ ಬಂತು. ನಿವೇದಿತಾಳಿಗೆ ನಿದ್ದೆಗೆಟ್ಟು ಜ್ವರ ಬಂದ ಹಾಗಾಗಿತ್ತು, ಅಷ್ಟೇ. ಬಸಮ್ಮ ಹಾಗೆ ತಿಳಿಯಲಿಲ್ಲ. ಆವತ್ತಿನಿಂದ ಲಿಫ್ಟಿನಲ್ಲಿ ಇಳಿಯುವಾಗ, ಯಾರೂ ಇಲ್ಲದ್ದನ್ನು ನೋಡಿ, ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, ಪ್ರತಿ ಬಾಟಲಿಯ ಮುಚ್ಚಳ ತಿರುವಿ, ಉಗುರಿನಿಂದ ಒಂದಿಷ್ಟು ಕೆರೆದು ಉದುರಿಸಿ, ಮತ್ತೆ ಮುಚ್ಚಿ ಅಲುಗಾಡಿಸಿ ಇಡತೊಡಗಿದಳು. ಮಠದಿಂದ ತಂದ ವಿಭೂತಿ. ಅದನ್ನು ತಿಂದು ಕೆಟ್ಟವರನ್ನು ಅವಳು ಕಂಡಿರಲಿಲ್ಲ. ಕೈ ತೊಳೆಯಬೇಕು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಕೆಲವೇ ದಿನ. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಮಲ್ಲಿಕ್‌ಗೆ ಫೋನು ಬಂತು: ಸಣ್ಣದರ ಹೊಟ್ಟೆ ಉಬ್ಬಿದೆ, ಇಬ್ಬರಿಗೂ ಹಾಲು ನಿಲ್ಲಿಸಿದ್ದೇವೆ, ತಾಯಿಯನ್ನು ಕರೆದುಕೊಂಡು ತಕ್ಷಣ ಬನ್ನಿ. ಮೂವರೂ ಆಟೋದಲ್ಲಿ ಹೋದರು. ರಸ್ತೆ ಗುಂಡಿಗೆ ಆಟೋ ಎತ್ತಿಹಾಕಿದಾಗಲೆಲ್ಲ ನಿವೇದಿತಾ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಬೆಳಗಿನ ಪಾಳಿಯ ನರ್ಸ್ ವೇಣಿ ಬಾಗಿಲ ಹೊರಗೇ ಕಾಯುತ್ತಿದ್ದಳು. ಕೈಯಲ್ಲಿ ಹಿಂದಿನ ಸಂಜೆಯ ಬಾಟಲಿ. ತಳದಲ್ಲಿ ಬೂದು ಬಣ್ಣದ ಗಸಿ ನಿಂತಿತ್ತು.

“ಏನ್ ಮೇಡಂ ಇದು? ಟ್ಯೂಬ್ ಕಟ್ಕೊಂಡು ಹೋಯ್ತು. ಏನ್ ಬೆರೆಸ್ತಿದೀರಾ ಹಾಲಿಗೆ?”

“ಏನೂ ಇಲ್ಲ ಸಿಸ್ಟರ್. ನಾನ್ಯಾಕೆ ಬೆರೆಸ್ಲಿ?”

“ಹಾಲು ಸಾಲ್ದೆ ಇದ್ರೆ ಸಾಲಲ್ಲ ಅಂತ ಹೇಳ್ಬೇಕು. ತುಂಬಾ ಜನ ಹೀಗೇ ಮಾಡ್ತಾರೆ. ಪೌಡರ್ ಕಲಸಿ ತಾಯಿ ಹಾಲು ಅಂತ ಕೊಟ್ಬಿಡ್ತಾರೆ. ಇಲ್ಲಿ ಮಗು ಪ್ರಾಣ ಹೋಗತ್ತೆ ಮೇಡಂ, ನಿಮ್ ಮರ್ಯಾದೆ ನೋಡ್ಕೊಂಡು ಕೂತ್ರೆ ಆಗಲ್ಲ.”

ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನಿವೇದಿತಾಳ ಮುಖ ಸುಣ್ಣದಂತಾಯಿತು. ಏನೋ ಹೇಳಲು ಹೋಗಿ ಹಾಗೇ ನಿಂತಳು. ಡಾಕ್ಟರು ಹೊರಗೆ ಬಂದು ಸಣ್ಣ ದನಿಯಲ್ಲೇ ಹೇಳಿದರು, ಆದರೆ ಅವರ ಮಾತೂ ಕಠಿಣವಾಗಿತ್ತು: ಇನ್ನು ಮನೆಯಿಂದ ಬಂದ ಹಾಲನ್ನು ತೆಗೆದುಕೊಳ್ಳುವುದಿಲ್ಲ. ಇವತ್ತು ಡ್ರಿಪ್ ಮೇಲಿರಲಿ. ಹೊಟ್ಟೆ ಇಳಿದರೆ ನಾಳೆ ಪೌಡರ್ ಹಾಲು ಶುರುಮಾಡುತ್ತೇವೆ. ಒಗ್ಗದಿದ್ದರೆ ಮುಂದಿನದು ನೋಡೋಣ.

ಬಸಮ್ಮ ಗೋಡೆಗೊರಗಿ ನಿಂತು ಎಲ್ಲವನ್ನೂ ಕೇಳಿದಳು. ಬಾಟಲಿಯ ತಳದ ಗಸಿಯನ್ನು ನೋಡಿದ ಕ್ಷಣಕ್ಕೇ ಅವಳಿಗೆ ತಿಳಿದುಹೋಗಿತ್ತು. ಬಾಯಿ ತೆರೆದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ತೆರೆಯಲಿಲ್ಲ. ವಿಭೂತಿಯಿಂದ ಯಾರಿಗೂ ಕೇಡಾಗದು, ಕಾರಣ ಬೇರೆ ಏನೋ ಇದೆ, ಇವರಿಗೆ ಗೊತ್ತಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ನಿಜವಲ್ಲ. ಜಗ್ಗದ, ಬಗ್ಗದ, ಅತ್ತೆಯ ರಂಜಕದ ಜಾಡಿಯನ್ನು ಕುಕ್ಕಿದ ಆ ಸೊಸೆ ನರ್ಸಿನ ಮುಂದೆ ಬಾಯಿ ಕಟ್ಟಿಸಿಕೊಂಡು ನಿಂತದ್ದನ್ನು ನೋಡಿ ಅವಳಿಗೆ ಒಳಗೊಳಗೇ ಹಿತವಾಗಿತ್ತು. ಇದನ್ನು ಹೇಳದೆ ಬಿಟ್ಟರೆ ಬಸಮ್ಮನ ಕಥೆ ಹೇಳಿದಂತಾಗುವುದಿಲ್ಲ.

ಮನೆಗೆ ಬಂದ ಮೇಲೆ ನಿವೇದಿತಾ ಉಣ್ಣಲಿಲ್ಲ. ನೇರ ಕೋಣೆಗೆ ಹೋಗಿ ಪಂಪಿಗೆ ಕೂತಳು. ಬಾಗಿಲು ಹಾಕಿಕೊಳ್ಳುವಷ್ಟು ಸಿಟ್ಟೂ ಅವಳಲ್ಲಿ ಉಳಿದಿರಲಿಲ್ಲ. ಬಸಮ್ಮ ಮೆಂತ್ಯದ ಗಂಜಿ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಯಂತ್ರ ಗುಯ್‌ಗುಡುತ್ತಿತ್ತು. ಬಾಟಲಿ ಖಾಲಿ. ನಿವೇದಿತಾ ಯಂತ್ರವನ್ನು ಜೋರು ಮಾಡಿದಳು. ನೋವಿಗೆ ಕಣ್ಣು ಮುಚ್ಚಿಕೊಂಡಳು. ಬಾಟಲಿಯ ಒಳಮೈಗೆ ಎರಡು ಹನಿ ಅಂಟಿಕೊಂಡವು, ಮೂರನೆಯದು ಬೀಳಲಿಲ್ಲ. ಮಧ್ಯಾಹ್ನ ಮತ್ತೆ ಕೂತಳು. ಆಗಲೂ ಅಷ್ಟೇ.

ಬಸಮ್ಮ ಆರಿದ ಗಂಜಿಯನ್ನು ವಾಪಸ್ ಎತ್ತಿಕೊಂಡಳು. ಅವಳು ಹೆದರಿದ್ದೇ ಆಗಿತ್ತು. ಎದೆ ಬತ್ತಿತ್ತು. ಆದರೆ ಬತ್ತಿಸಿದ್ದು ಮೆಟ್ರೋದ ಹೆಂಗಸಿನ ಕಣ್ಣಲ್ಲ ಎಂದು ಅವಳಿಗೆ ಈಗ ಸ್ಪಷ್ಟವಾಗಿ ಗೊತ್ತಿತ್ತು. ಅಡುಗೆಮನೆಗೆ ಹೋಗಿ ಕಟ್ಟೆ ಹಿಡಿದು ನಿಂತಳು. ಹೇಳಿದರೆ ಈ ಮನೆಯಲ್ಲಿ ತನಗೆ ಜಾಗ ಇರುವುದಿಲ್ಲ. ಹೇಳದಿದ್ದರೆ ಆ ಕೂಸುಗಳ ಹೊಟ್ಟೆಗೆ ನಾಳೆ ಪೌಡರ್ ಬೀಳುತ್ತದೆ. ಖಾನಾವಳಿಯಲ್ಲಿ ನೂರು ಜನರ ಮುಂದೆ ಗಟ್ಟಿ ಬಾಯಿ ಮಾಡಿದ ಹೆಂಗಸಿಗೆ ಒಂದು ಮಾತು ಹೊರಡಲಿಲ್ಲ. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಸಂಜೆಗೆ ಮುಂಚೆ ಮಲ್ಲಿಕ್ ಹೆಂಡತಿಯ ಪಕ್ಕ ಹೋಗಿ ಕೂತ. ಕೈ ಹಿಡಿದುಕೊಂಡು, ತೀರ ಮೆತ್ತಗೆ ಕೇಳಿದ: “ನಿವಿ, ಬೈಬೇಡ. ಒಂದ್ಸಲ ಹೇಳ್ಬಿಡು. ನೀನು ನಿಜವಾಗ್ಲೂ ಏನೂ ಬೆರೆಸಿಲ್ಲ ತಾನೆ?”

ನಿವೇದಿತಾ ಅವನ ಕೈಯಿಂದ ಕೈ ಬಿಡಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಎದೆಗೆ ಹಚ್ಚಿದ ಪಂಪನ್ನು ತೆಗೆದು, ಅದರ ವೈರನ್ನು ಸುತ್ತಿ, ಡಬ್ಬಿಯೊಳಗೆ ಹಾಕಿ ಮುಚ್ಚಿದಳು. “ಇದನ್ನ ವಾಪಸ್ ಕೊಟ್ಬಿಡಿ,” ಎಂದಳು.

ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಬಸಮ್ಮ ಇನ್ನು ತಡೆಯಲಿಲ್ಲ. “ಮಲ್ಲಿಕಾ, ಅಕಿ ಬೆರಸಿಲ್ಲಪಾ,” ಎಂದಳು. “ನಾ ಬೆರಸೀನಿ. ವಿಭೂತಿ.”

ಮಲ್ಲಿಕ್‌ಗೆ ಅರ್ಥವೇ ಆಗಲಿಲ್ಲ. “ಏನಂದೆ ಅವ್ವಾ?”

“ಹಾಲಿಗೆ ದೃಷ್ಟಿ ಆಕ್ಕೈತಂತ ಅಂಜಿ, ಬಾಟ್ಲಿಗೊಂದು ಚಿಟಿಕಿ ವಿಭೂತಿ ಹಾಕಿ ಒಯ್ತಿದ್ದೆ. ಆ ಗಸಿ ನಂದು.”

ಮಗ ಬಾಯಿ ತೆರೆದುಕೊಂಡು ನಿಂತ. ನಿವೇದಿತಾ ಮಾತ್ರ ನಿಧಾನವಾಗಿ ಎದ್ದು ಅತ್ತೆಯ ಎದುರಿಗೆ ಬಂದಳು.

“ಬೆಳಿಗ್ಗೆ ಆ ನರ್ಸು ನಂಗೆ ಬೈವಾಗ ನೀವು ಅಲ್ಲೇ ಇದ್ರಿ.”

“ಇದ್ದೆ.”

“ಗೊತ್ತಾಗಿತ್ತಾ ನಿಮಗೆ?”

“ಗೊತ್ತಾಗಿತ್ತು.”

“ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ರಿ?”

ಬಸಮ್ಮ ಸುಳ್ಳು ಹೇಳಬಹುದಿತ್ತು. ಹೆದರಿದೆ ಎನ್ನಬಹುದಿತ್ತು, ತಲೆ ಓಡಲಿಲ್ಲ ಎನ್ನಬಹುದಿತ್ತು. ಅವಳ ಬಾಯಿಗೆ ಬಂದದ್ದು ನಿಜವೇ. “ನಿನಗ ಯಾರರ ಬೈಯೂದು ಕೇಳಾಕ ಹಿತ ಅನಿಸ್ತವಾ ನನಗ,” ಎಂದಳು.

ಮಲ್ಲಿಕ್ “ಅವ್ವಾ!” ಎಂದು ಕಿರುಚಿದ. ನಿವೇದಿತಾ ಕಿರುಚಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಈ ಮನೆಗೆ ಬಂದಾಗಿನಿಂದ ಅತ್ತೆ ತನ್ನೊಡನೆ ಆಡಿದ ಮೊದಲ ನೆಟ್ಟಗಿನ ಮಾತು ಇದೇ ಎಂದು ಅವಳಿಗನ್ನಿಸಿರಬೇಕು. ಹಾಗಂತ ಅವಳ ಮನಸ್ಸು ಕರಗಲಿಲ್ಲ. ಅವಳ ಕಣ್ಣು ಕೆಂಡದಂತಿತ್ತು.

“ಸೀರೆ ಬದಲಾಯ್ಸಿ ಹೊರಡಿ,” ಎಂದಳು. “ಈಗಲೇ. ನೀವು ಮನೇಲಿ ನಮ್ಮಿಬ್ರ ಮುಂದೆ ಹೇಳಿದ್ರೆ ಸಾಲಲ್ಲ. ನಂಗೆ ಕಳ್ಳಿ ಥರ ಬೈದಿದ್ದು ಅಲ್ಲಿ. ಆ ಡಾಕ್ಟರ್‌ಗೆ ಹೇಳಿ. ಸಂಜೆ ಪಾಳಿಯವ್ರಿಗೆ ಹೇಳಿ, ರಾತ್ರಿ ಪಾಳಿಯವ್ರಿಗೆ ಹೇಳಿ, ಬೆಳಿಗ್ಗೆ ಆ ವೇಣಿಗೆ ಹೇಳಿ. ಆ ಕಾರಿಡಾರಲ್ಲೇ ನಿಂತು, ಎಲ್ರಿಗೂ ಕೇಳೋ ಹಾಗೆ.”

“ಅಷ್ಟೂ ಮಂದಿ ಮುಂದ?”

“ಅಷ್ಟೂ ಮಂದಿ ಮುಂದೆ. ಇಲ್ಲಾಂದ್ರೆ ಇವತ್ತೇ ರಾಣೇಬೆನ್ನೂರು ಬಸ್ ಹತ್ತಿ, ನನ್ನ ಮಕ್ಕಳ ಮುಖ ನೋಡೋಕೆ ಮತ್ತೆ ಬರ್ಬೇಡಿ.”

ಮಲ್ಲಿಕ್ ನಡುವೆ ಬಂದು ಏನೋ ಸಮಾಧಾನ ಹೇಳಲು ನೋಡಿದ. “ನೀವು ಮಾತಾಡ್ಬೇಡಿ. ನಿಮ್ಮದು ಆಮೇಲೆ ವಿಚಾರಿಸ್ಕೋತೀನಿ,” ಎಂದಳು ಹೆಂಡತಿ. ಅವನು ಆಟೋ ಕರೆಯಲು ಕೆಳಗಿಳಿದ.

ಸಂಜೆ ಪಾಳಿಯಲ್ಲಿ ಇದ್ದವರು ಅನುಸೂಯಮ್ಮ ಎಂಬ ಹಿರಿಯ ನರ್ಸ್. ಡಾಕ್ಟರೂ ಅಲ್ಲೇ ಇದ್ದರು. ಬಸಮ್ಮ ಸೆರಗು ಬಿಗಿದುಕೊಂಡು, ಖಾನಾವಳಿಯ ದನಿಯಲ್ಲೇ ಶುರುಮಾಡಿದಳು, ನಡುವೆ ದನಿ ಒಡೆಯಿತು: “ನನ್ನ ಸೊಸಿ ಹಾಲಾಗ ಏನೂ ಇಲ್ರಿ. ಬೂದಿ ಹಾಕಿದಾಕಿ ನಾನು. ಅಕಿಗೆ ಅಂದದ್ದು ತಪ್ಪಾತು.” ಕಾದು ಕೂತಿದ್ದ ಗಂಡಸೊಬ್ಬ ನಕ್ಕ. ಬಸಮ್ಮನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಡಾಕ್ಟರು ವಿಭೂತಿ ಯಾವುದು, ಎಷ್ಟು, ಯಾವತ್ತಿನಿಂದ, ಕೈ ತೊಳೆದಿದ್ದಿರಾ ಎಂದೆಲ್ಲ ಕೇಳಿದರು. ಕೈ ತೊಳೆದಿರಲಿಲ್ಲ. ಅದನ್ನೂ ಹೇಳಬೇಕಾಯಿತು. ಅವರು ಗದರಲಿಲ್ಲ. ಅಜ್ಜಿ ಹಾಲು ಮುಟ್ಟಬಾರದು, ತಾಯಿ ಇಲ್ಲೇ ಬಂದು ಹಿಂಡಿದರೆ ನಾಳೆ ಅದನ್ನೇ ಕೊಟ್ಟು ನೋಡೋಣ, ಪೌಡರ್ ಬೇಡ ಎಂದರು. ನಿವೇದಿತಾ ಅಲ್ಲಿನ ಹಿಂಡುವ ಕೋಣೆಗೆ ಹೋದಳು. ಆವತ್ತು ಸಂಜೆ ಬಂದದ್ದು ಚಮಚದಷ್ಟು ಮಾತ್ರ.

ರಾತ್ರಿ ಪಾಳಿಗೆ ಬಂದವಳು ಕೇರಳದ ಹುಡುಗಿ. ಅವಳಿಗೆ ಬಸಮ್ಮನ ಕನ್ನಡ ತಿಳಿಯಲಿಲ್ಲ. “ಎಂತ ಅಮ್ಮ? ನಿಧಾನ ಹೇಳಿ,” ಎಂದಳು. ಬಸಮ್ಮ ತಪ್ಪನ್ನು ಎರಡು ಸಲ ಹೇಳಬೇಕಾಯಿತು, ಎರಡನೆಯ ಸಲ ಹಣೆ ಮುಟ್ಟಿ ವಿಭೂತಿ ತೋರಿಸಿ, ಬಾಟಲಿಗೆ ಉದುರಿಸುವ ಅಭಿನಯವನ್ನೂ ಮಾಡಿ. ನಿವೇದಿತಾ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಒಂದು ಮಾತನ್ನೂ ಸೇರಿಸಿ ಸಹಾಯ ಮಾಡಲಿಲ್ಲ.

ಬೆಳಿಗ್ಗೆ ವೇಣಿಯ ಸರದಿ. ಮನೆಗೆ ಹೋಗದೆ ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲೇ ಕೂತು ಬೆಳಗು ಮಾಡಿದ್ದ ಬಸಮ್ಮನ ಸೊಂಟ ಹಿಡಿದುಹೋಗಿತ್ತು. ಕಷ್ಟಪಟ್ಟು ಎದ್ದು ನಿಂತು ಮತ್ತೆ ಅದೇ ಮಾತು ಹೇಳಿದಳು. ಈ ಸಲ ದನಿ ಒಡೆಯಲಿಲ್ಲ. ಹೇಳಿ ಹೇಳಿ ಆ ಮಾತು ಅವಳಿಗೆ ರೂಢಿಯಾಗಿತ್ತು.

ವೇಣಿ ಸಿಡಿದಳು. “ಟ್ಯೂಬ್ ಕಟ್ಕೊಂಡಿದ್ದಕ್ಕೆ ಬಚಾವ್ ಅಮ್ಮ! ಎಲ್ಲಾ ಒಳಗೆ ಹೋಗಿದ್ರೆ? ಕರುಳು ಕೊಳೆತ್ರೆ ಯಾರು ಜವಾಬ್ದಾರಿ? ವಯಸ್ಸಾಗಿದೆ, ಬುದ್ಧಿ ಬೇಡ್ವಾ?”

ಬಸಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳ ಜೀವಮಾನದಲ್ಲಿ ಅವಳಿಗಿಂತ ಅರ್ಧ ವಯಸ್ಸಿನವರು ಹೀಗೆ ಬೈದದ್ದಿಲ್ಲ. ಬೈಗುಳ ಮುಗಿದ ಮೇಲೆ ನಿವೇದಿತಾ ಒಂದು ಹೆಜ್ಜೆ ಮುಂದೆ ಬಂದಳು.

“ಸಿಸ್ಟರ್, ಅವ್ರದ್ದು ಆಯ್ತು. ಈಗ ನಿಮ್ಮದು.”

“ನಂದೇನು ಮೇಡಂ?”

“ನಿನ್ನೆ ಇಲ್ಲೇ ನಿಂತು ನಂಗೆ ಕಳ್ಳಿ ಥರ ಬೈದ್ರಲ್ಲ. ಇಲ್ಲೇ ನಿಂತು ಸಾರಿ ಹೇಳಿ.”

ವೇಣಿ ಆಚೆ ಈಚೆ ನೋಡಿದಳು. ಕೈಯಲ್ಲಿದ್ದ ಸಿರಿಂಜಿನ ಪೊಟ್ಟಣವನ್ನೇ ನೋಡುತ್ತ, “ಸಾರಿ ಮೇಡಂ,” ಎಂದು ಒಳಗೆ ಹೋದಳು. ನಿವೇದಿತಾಳೂ ಹಿಂಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಸಮ್ಮ ಕೂತು ಕಾದಳು. ಒಳಗೆ ಏನಾಗುತ್ತಿದೆಯೋ, ಹಾಲು ಬಂತೋ ಇಲ್ಲವೋ, ಬಂದರೆ ಕೂಸುಗಳಿಗೆ ದಕ್ಕುತ್ತದೋ ಇಲ್ಲವೋ ಒಂದೂ ತಿಳಿಯದು. ಕೇಳೋಣವೆಂದರೆ ಆ ಬಾಗಿಲ ಹತ್ತಿರ ಹೋಗಲು ಮುಖವಿಲ್ಲ. ಚಹಾ ತಂದುಕೊಟ್ಟ ಮಗನಿಗೆ ಬೇಡವೆಂದು ಕೈಯಾಡಿಸಿದಳು. ಬಹಳ ಹೊತ್ತಿನ ಮೇಲೆ ನಿವೇದಿತಾ ಕೂಸುಗಳಿದ್ದ ಕೋಣೆಯ ಬಾಗಿಲಿನಿಂದ ಹೊರಗೆ ಬಂದಳು. ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಬಸಮ್ಮ ಎದ್ದಳು.

“ಕೊಟ್ರೇನವಾ?”

“ಕೊಟ್ರು. ಇಬ್ರಿಗೂ. ಒಂದೊಂದು ಚೂರು.”

“ದಕ್ಕಿತೇನು?”

“ದಕ್ಕಿದೆ. ಹೊಟ್ಟೆ ಉಬ್ಬಿಲ್ಲ.”

ಬಸಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒತ್ತಿಕೊಂಡು, ಸೊಸೆಯ ಕೈ ಹಿಡಿಯಲು ಹೋದಳು. “ಆತಿಲ್ಲವಾ, ಹೇಳಂದಷ್ಟು ಮಂದಿ ಮುಂದ ಹೇಳೀನಿ. ಇನ್ನರ ಸಿಟ್ಟು ಬಿಡವಾ. ಸಿಟ್ಟು ಇಟಗೊಂಡ್ರ ಎದಿ ಹಾಲು ಬತ್ತತಾವು. ಕೂಸುಗಳ ಸಲುವಾಗಿಯರ ಬಿಡು.”

ನಿವೇದಿತಾ ಕೈ ಹಿಂದಕ್ಕೆ ಎಳೆದುಕೊಂಡಳು. ಇನ್ನೊಂದು ಕೈಯಲ್ಲಿದ್ದ ಬಾಟಲಿಯನ್ನು ಎತ್ತಿ ಅತ್ತೆಯ ಕಣ್ಣಿನೆದುರಿಗೆ ಹಿಡಿದಳು. ಮುಂದಿನ ಹೊತ್ತಿಗೆಂದು ಈಗಷ್ಟೇ ಹಿಂಡಿ ಮುಚ್ಚಿದ ಹಾಲು. ಇನ್ನೂ ಬೆಚ್ಚಗಿತ್ತು, ಬಾಟಲಿಯ ಕತ್ತಿನವರೆಗೆ ತುಂಬಿತ್ತು.

“ಸರಿಯಾಗಿ ನೋಡ್ಕೊಳಿ ಅತ್ತೆ,” ಎಂದಳು. “ಇದು ಪೂರ್ತಿ ಸಿಟ್ಟಲ್ಲೇ ಹಿಂಡಿದ್ದು.”

ಮತ್ತೆ ಒಳಗೆ ಹೋದಳು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಬಸಮ್ಮ ಕುರ್ಚಿಯಲ್ಲಿ ಕೂತು, ಮಗನ ಕೈಯಿಂದ ಆರಿದ ಚಹಾ ತೆಗೆದುಕೊಂಡು ಕುಡಿದಳು.